ಬಾಯಿ ಮುಚ್ಚಿ ಎಣಿಸಿದ ಯಲ್ಲಕ್ಕ

ಯಲ್ಲಕ್ಕ ತೀರಿಕೊಂಡ ಮೇಲೆ ಮೊದಲ ಸಲ ಅಂಗಡಿ ತೆರೆದ ದಿನ, ಅವಳ ಗಂಡ ಓಬಯ್ಯ ಮಂಡಕ್ಕಿ ಅಳೆಯುವಾಗ ಎಣಿಸಲಿಲ್ಲ. ಸೇರು ತುಂಬಿದ, ಚೀಲಕ್ಕೆ ಸುರಿದ, ಮತ್ತೆ ತುಂಬಿದ. ಕೊಳ್ಳಲು ಬಂದವರೂ ‘ಎಣಿಸಪ್ಪಾ’ ಅನ್ನಲಿಲ್ಲ. ಚೀಲ ಹಿಡಿದು ಸುಮ್ಮನೆ ನಿಂತಿದ್ದು, ಕೊಟ್ಟಷ್ಟು ತೆಗೆದುಕೊಂಡು ಹೋದರು. ಬೇರೆ ದಿನವಾಗಿದ್ದರೆ ಹರಿಹರದ ಆ ಓಣಿಯಲ್ಲಿ ಯಾರೂ ಅದನ್ನು ಒಪ್ಪುತ್ತಿರಲಿಲ್ಲ.

ಸೇರಿನಲ್ಲಿ ಅಳೆದು ಮಾರುವವರು ಗಟ್ಟಿಯಾಗಿ ಎಣಿಸಬೇಕು ಎಂಬುದು ಅಲ್ಲಿನ ಹಳೆಯ ರೂಢಿ. ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಶುಭವಾಗಲಿ ಎಂದು. ಆಮೇಲೆ ಎರಡು, ಮೂರು. ಒಂದು ಸೇರು ಸುರಿದು ಇನ್ನೊಂದು ತುಂಬುವ ತನಕ ಹಿಂದಿನ ಸಂಖ್ಯೆಯನ್ನು ಬಿಡದೆ ಹೇಳುತ್ತಿರಬೇಕು: ‘ಎರಡೇ ಎರಡು, ಎರಡೇ ಎರಡು.’ ಅಳೆಯುವವರಿಗೆ ಲೆಕ್ಕ ತಪ್ಪಬಾರದು, ಕೊಳ್ಳುವವರಿಗೆ ಅನುಮಾನ ಬರಬಾರದು, ಎರಡಕ್ಕೂ ಅದೇ ದಾರಿ. ಯಲ್ಲಕ್ಕನ ದನಿ ಓಣಿಯ ಆ ತುದಿಯ ಹಿಟ್ಟಿನ ಗಿರಣಿಯ ಸದ್ದನ್ನೂ ದಾಟಿ ಕೇಳುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಶಟರ್ ಎತ್ತಿ, ಎದೆ ಹಿಡಿದಂಗೆ ಆಗ್ತದೆ ಎಂದು ಮೆಟ್ಟಿಲ ಮೇಲೆ ಕೂತಳು. ದಾವಣಗೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಣ್ಣಿಗೆ ಬಂದವರೆಲ್ಲ ಅವಳ ಕೈಯಳತೆಯ ಬಗ್ಗೆ ಮಾತಾಡಿದರು, ಬಾಯಿಯ ಬಗ್ಗೆ ಮಾತಾಡಿದರು, ಯಾರ ಮನೆಯ ಮದುವೆಗೆ ಎಷ್ಟು ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟಳೆಂದು ನೆನೆದರು. ಬೀಜಗಣಿತದ ಮಾತು ಯಾರೂ ತೆಗೆಯಲಿಲ್ಲ. ಅಲ್ಲಿದ್ದ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ. ಆದರೆ ಅವಳ ಕೊನೆಯ ವರ್ಷದ ಬಹುಪಾಲು ಅದರಲ್ಲೇ ಕಳೆದಿತ್ತು.

ಯಲ್ಲಕ್ಕನ ತವರು ಮಲೆಬೆನ್ನೂರು. ಅಪ್ಪ ಗುಡ್ಡಪ್ಪ ಅಲ್ಲಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಅಳೆಯುತ್ತಿದ್ದವನು. ತೂಕದ ಯಂತ್ರ ಬಂದು ಅವನ ಕೆಲಸ ಹೋಯಿತು. ಗಂಟಲು ಮಾತ್ರ ಹಾಗೇ ಉಳಿಯಿತು. ಮಗಳಿಗೆ ಎಣಿಕೆ ಬಂದದ್ದು ಶಾಲೆಯಿಂದಲ್ಲ, ಆ ಅಂಗಳದಿಂದ. ಅಪ್ಪನ ಪಕ್ಕ ನಿಂತು ಅವನ ಜೊತೆ ಜೊತೆಗೇ ಕೂಗುತ್ತ ಕಲಿತಿದ್ದಳು.

ಎಂಟನೆಯ ತರಗತಿಯಲ್ಲಿ ಅವಳು ಮತ್ತು ಆಶಾರಾಣಿ ಒಂದೇ ಬೆಂಚಿನವರು. ಒಂದು ದಿನ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಎಕ್ಸ್ ಬರೆದು, ಅದಕ್ಕೆ ಐದು ಕೂಡಿಸಿ, ಹನ್ನೆರಡಕ್ಕೆ ಸಮ ಎಂದರು. ಯಲ್ಲಕ್ಕ ಎದ್ದು ನಿಂತಳು.

“ಸಾರ್, ಎಕ್ಸ್ ಅಂದ್ರೆ ಎಷ್ಟು?”

“ಅದು ಗೊತ್ತಿಲ್ಲ, ಅದಕ್ಕೇ ಎಕ್ಸ್ ಅಂತ ಇಟ್ಟಿರೋದು.”

“ನಿಮಗೂ ಗೊತ್ತಿಲ್ವಾ ಸಾರ್?”

ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟ್ರು ಹಾಸ್ಯ ಮಾಡುತ್ತಿದ್ದಾಳೆಂದು ತಿಳಿದು ಅವಳನ್ನು ಹೊರಗೆ ನಿಲ್ಲಿಸಿದರು. ಅವಳು ನಿಜವಾಗಿಯೇ ಕೇಳಿದ್ದಳು. ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು, ಗೊತ್ತಿರುವುದರ ಜೊತೆ ಕೂಡಿಸುವುದು ಹೇಗೆ ಎಂಬುದು ಅವಳಿಗೆ ಹೊಳೆಯಲಿಲ್ಲ; ಮುಂದೆ ಆ ವಿಷಯದ ಪಾಠಗಳಲ್ಲೆಲ್ಲ ಬಾಯಿ ಬಿಡಲಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲಿ ಫೇಲಾದಳು. ಆಶಾರಾಣಿ ಪಾಸಾಗಿ ದಾವಣಗೆರೆಗೆ ಓದಲು ಹೋದಳು, ಮುಂದೆ ಅಲ್ಲೇ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ ಎಸ್.ಎಸ್. ಬಡಾವಣೆಯಲ್ಲಿ ಮನೆ ಮಾಡಿದಳು. ಯಲ್ಲಕ್ಕನನ್ನು ಹರಿಹರದ ಓಬಯ್ಯನಿಗೆ ಕೊಟ್ಟರು. ಓಬಯ್ಯ ಲೇತ್ ಕೆಲಸದವನು. ಅತ್ತೆ ನಡೆಸುತ್ತಿದ್ದ ಮಂಡಕ್ಕಿ ಅಂಗಡಿ ಕ್ರಮೇಣ ಸೊಸೆಯ ಕೈಗೆ ಬಂತು. ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಚೀಲ ತರಲು ಬಂದಾಗಲೆಲ್ಲ ಗೆಳತಿಯ ಮನೆಗೆ ಹೋಗಿ ಕಾಫಿ ಕುಡಿದೇ ಬಸ್ಸು ಹತ್ತುತ್ತಿದ್ದಳು. ಸ್ನೇಹ ಹಾಗೆ ಉಳಿಯಿತು.

ಮಗಳು ಕೀರ್ತನಾಳ ಮದುವೆ ಮಾಡಿ ಕಳಿಸಿದ ಮೇಲೆ ಯಲ್ಲಕ್ಕ ಮತ್ತೆ ಪುಸ್ತಕ ಹಿಡಿದಳು. ಹತ್ತನೆಯ ತರಗತಿಯ ಗಣಿತವನ್ನು ಬೀಜಗಣಿತದ ಭಾಗ ಬಿಟ್ಟು ಉಳಿದದ್ದನ್ನೆಲ್ಲ ಬರೆದು ಹೇಗೋ ಪಾಸು ಮಾಡಿಕೊಂಡಳು. ಪಿಯುಸಿ ಹೊರಗಿನಿಂದ ಕಟ್ಟಿದಳು. ಆಮೇಲೆ ದಾವಣಗೆರೆಯ ಒಂದು ಕಾಲೇಜು ದುಡಿಯುವವರಿಗೆಂದು ನಡೆಸುವ ಬಿ.ಕಾಂ.ಗೆ ಸೇರಿದಳು. ಅಲ್ಲಿ ಒಂದೊಂದು ಪೇಪರನ್ನೂ ಬೇಕಾದಾಗ ಬರೆಯಬಹುದು, ಆದರೆ ಇಂತಿಷ್ಟು ವರ್ಷದೊಳಗೆ ಎಲ್ಲ ಮುಗಿಯಬೇಕು. ‘ಬೀಜಗಣಿತ ಪರಿಚಯ’ ಎಂಬ ಪೇಪರನ್ನು ಅವಳು ಊಟದೆಲೆಯ ತುದಿಗೆ ಸರಿಸಿದ ಹಾಗಲಕಾಯಿಯ ಹಾಗೆ ವರ್ಷ ವರ್ಷವೂ ಆಚೆಗೆ ಸರಿಸುತ್ತ ಬಂದಳು. ಎಲೆಯ ಮೇಲೆ ಅದೊಂದೇ ಉಳಿದಾಗ ಅವಧಿಯ ಕೊನೆಯ ವರ್ಷ ಬಂದಿತ್ತು. ಈ ಸಲ ಆಗದಿದ್ದರೆ ಹಿಂದಿನ ಪೇಪರುಗಳೂ ನೀರಿಗೆ ಹೋದಂತೆ.

ಓಬಯ್ಯ ಬೇಡವೆನ್ನುವವನಲ್ಲ. ಕಿಚಾಯಿಸುವವನು.

“ಡಿಗ್ರಿ ತಗಂಡು ಏನ್ ಮಾಡ್ತೀಯ ಮಾರಾಯ್ತಿ? ಮಂಡಕ್ಕಿಗೆ ಒಗ್ಗರಣೆ ಹಾಕ್ತೀಯಾ?”

“ಹಾಕ್ತೀನಿ. ನಿನಗೆ ಮಾತ್ರ ಕೊಡಲ್ಲ, ಹೋಗು.”

ಗೆಳತಿಗೆ ಮಾತ್ರ ಒಮ್ಮೆ ಬೇರೆ ಉತ್ತರ ಕೊಟ್ಟಿದ್ದಳು. “ಆವತ್ತು ಎಲ್ಲಾರೂ ನಕ್ರು ಕಣೆ. ನಕ್ಕೋರು ಒಬ್ಬರಾದ್ರೂ ಹೇಳಿದ್ರಾ, ಎಕ್ಸ್ ಅಂದ್ರೆ ಏನು ಅಂತ? ನನಗೆ ಅದು ಗೊತ್ತಾಗ್ಬೇಕು. ಅಷ್ಟೇ.”

ಜೂನ್‌ನಲ್ಲಿ ಕಾಲೇಜಿಗೆ ಹೋಗಿ ಹೆಸರು ಕೊಟ್ಟಳು. ಪಾಠ ಮಾಡುವ ಬಸವಕಿರಣ್ ಸರ್ ಇನ್ನೂ ಎಳೆಯ ವಯಸ್ಸಿನವರು, ತಾಳ್ಮೆಯ ಮನುಷ್ಯ. ಈ ಪೇಪರು ಬಹುತೇಕ ಆನ್‌ಲೈನ್ ಎಂದು ವಿವರಿಸಿದರು. ಪಾಠ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನೋಡಬೇಕು, ಲೆಕ್ಕಗಳನ್ನು ಕಾಲೇಜಿನ ವೆಬ್‌ಸೈಟಿನಲ್ಲೇ ಮಾಡಿ ಕಳಿಸಬೇಕು, ಕಾಲೇಜಿಗೆ ಬರುವುದು ಆರಂಭಕ್ಕೊಮ್ಮೆ, ಪರೀಕ್ಷೆಗೊಮ್ಮೆ. ಆದರೆ ಅದಕ್ಕೂ ಮುಂಚೆ ಒಂದು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾದವರಿಗೇ ಕೋರ್ಸು.

“ಏನ್ ಬರ್ತೈತೆ ಸಾರ್ ಅದ್ರಲ್ಲಿ?”

“ಕೂಡೋದು ಕಳೆಯೋದು, ಭಿನ್ನರಾಶಿ, ಮೈನಸ್ ಸಂಖ್ಯೆ, ಒಂದೆರಡು ಸುಲಭದ ಸಮೀಕರಣ. ಕಷ್ಟ ಏನಿಲ್ಲಮ್ಮ. ಕ್ಯಾಮೆರಾ, ಮೈಕ್ ಆನ್ ಇರಬೇಕು. ರೂಮಲ್ಲಿ ಬೇರೆ ಯಾರೂ ಇರಬಾರದು. ಎರಡು ಸಲ ಬರೆಯೋಕೆ ಅವಕಾಶ ಇದೆ. ಎರಡೂ ಸಲ ಆಗಲಿಲ್ಲ ಅಂದ್ರೆ ಮುಂದಿನ ವರ್ಷ.”

“ನನಗೆ ಮುಂದಿನ ವರ್ಷ ಇಲ್ಲ ಸಾರ್.”

ಅವಧಿಯ ಬಗ್ಗೆ ಹೇಳಿದ್ದು. ಆಶಾರಾಣಿ ಜೊತೆಯಲ್ಲೇ ನಿಂತಿದ್ದಳು.

ಯಲ್ಲಕ್ಕನ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಸದ್ದಿಲ್ಲದ ಮೂಲೆಯೆಂಬುದು ಇರಲಿಲ್ಲ. ಹಾಗಾಗಿ ಆಶಾರಾಣಿಯ ಮನೆಯ ಹಿಂದಿನ ಕೋಣೆಯೇ ಓದುವ ಜಾಗವಾಯಿತು. ವಾರದಲ್ಲಿ ಕೆಲವು ಮಧ್ಯಾಹ್ನ, ಓಬಯ್ಯ ಕೆಲಸದಿಂದ ಬಂದು ಅಂಗಡಿಯಲ್ಲಿ ಕೂತ ಮೇಲೆ, ಅವಳು ಬಸ್ಸು ಹತ್ತಿ ಬರುತ್ತಿದ್ದಳು. ಬರುವಾಗ ಒಂದು ಪೊಟ್ಟಣ ಮಂಡಕ್ಕಿ, ಎರಡು ಹಸಿಮೆಣಸಿನಕಾಯಿ. ಬರಿಗೈಲಿ ಬಂದು ಓದಿದರೆ ತಲೆಗೆ ಹತ್ತುವುದಿಲ್ಲ ಎಂದು ಅವಳ ವಾದ.

ಮೊದಮೊದಲು ಗಣಿತಕ್ಕಿಂತ ಯಂತ್ರವೇ ಕಾಡಿತು. ಪಾಸ್‌ವರ್ಡಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬೇಕೆಂದಾಗ “ಇದೇನು ಉಪ್ಪಿನಕಾಯಿ ಮಸಾಲೆನಾ?” ಎಂದಳು. ಎಕ್ಸ್‌ನ ತಲೆಯ ಮೇಲೆ ಪುಟ್ಟ ಎರಡನ್ನು ಹೇಗೆ ಕೂರಿಸುವುದೆಂದು ತಿಳಿಯದೆ ಪಕ್ಕದಲ್ಲೇ ಬರೆದುಬಿಡುತ್ತಿದ್ದಳು. ವೆಬ್‌ಸೈಟು ತಪ್ಪೆಂದು ಕೆಂಪು ತೋರಿಸುತ್ತಿತ್ತು. “ತಪ್ಪಲ್ಲ ಕಣಪ್ಪ, ಅದು ಮೇಲೆ ಹತ್ತಲ್ಲ ಅಂತೈತೆ” ಎಂದು ಕಂಪ್ಯೂಟರಿಗೇ ಸಮಾಧಾನ ಹೇಳುತ್ತಿದ್ದಳು.

ಮೈನಸ್ ಸಂಖ್ಯೆಗಳು ಅರ್ಥವಾದದ್ದು ಹೊಳೆಯಿಂದ. ಆಶಾರಾಣಿ ಗೆರೆ ಎಳೆದು, ಸೊನ್ನೆ ಬರೆದು, ಎಡಕ್ಕೆ ಬಲಕ್ಕೆ ಎಂದು ಎಷ್ಟು ಹೇಳಿದರೂ ಯಲ್ಲಕ್ಕನಿಗೆ ಅದು ರಸ್ತೆಯ ಹಾಗೆ ಕಾಣುತ್ತಿತ್ತೇ ಹೊರತು ಲೆಕ್ಕವಾಗಿ ಕಾಣಲಿಲ್ಲ. ಒಂದು ದಿನ ಬಸ್ಸಿನಿಂದ ಇಳಿದವಳೇ ಶುರು ಮಾಡಿದಳು.

“ಲೇ ಆಶಾ, ಹೊಳೆ ಸೇತುವೆ ಕಂಬದ ಮೇಲೆ ಗುರುತು ಹಾಕ್ಯಾರಲ್ಲ? ನೀರು ಗುರುತಿಗಿಂತ ನಾಕು ಅಡಿ ಕೆಳಗೈತೆ ಅನ್ನು. ಮಳೆ ಬಂದು ಒಂಬತ್ತು ಏರ್ತು. ಆಮೇಲೆ ಹನ್ನೆರಡು ಇಳೀತು. ಈಗ ಗುರುತಿಗಿಂತ ಏಳು ಕೆಳಗೆ. ಮೈನಸ್ ಏಳು. ಸರಿನಾ?”

“ಸರಿ.”

“ಮತ್ತೆ ಇಷ್ಟಕ್ಕೆ ಯಾಕ ಆ ಗೆರೆ ಎಳ್ಕಂಡು ಕೂತಿದ್ದೆ?”

ಎಕ್ಸ್ ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ. ಆಶಾರಾಣಿ ಒಂದು ಉಪಾಯ ಹೂಡಿದಳು. ನೀನು ಒಂದು ಅನ್ನೋ ಬದಲು ಲಾಭ ಅಂತೀಯಲ್ಲ, ಸಂಖ್ಯೆಗೆ ಬದಲು ಒಂದು ಮಾತು, ಎಕ್ಸ್ ಕೂಡ ಹಂಗೇ, ಎಂದಳು. ಹೇಳಿದವಳಿಗೆ ತನ್ನ ಹೋಲಿಕೆ ಬಹಳ ಹಿಡಿಸಿತ್ತು. ಯಲ್ಲಕ್ಕ ಬಾಯಲ್ಲಿದ್ದ ಮಂಡಕ್ಕಿ ಅಗಿದು ನುಂಗಿದಳು.

“ಹಂಗಲ್ಲ. ಲಾಭ ಅಂದ್ರೆ ಯಾವತ್ತಿದ್ರೂ ಒಂದೇ. ನಮ್ಮಪ್ಪ ಅಂದ್ರೂ ಒಂದೇ, ನಾನಂದ್ರೂ ಒಂದೇ. ಈ ಎಕ್ಸ್ ಈ ಲೆಕ್ಕದಾಗೆ ಏಳು ಆಗ್ತೈತೆ, ಮುಂದಿನ ಲೆಕ್ಕದಾಗೆ ಮೈನಸ್ ಮೂರು ಆಗ್ತೈತೆ. ಇದನ್ನ ನಂಬಾಕಾಗಲ್ಲ.”

ಆಮೇಲೆ ತಾನೇ ದಾರಿ ಕಂಡುಕೊಂಡಳು. ಬಾಯಿ ಹೊಲಿದ ಚೀಲ ಬಂದರೆ ಒಳಗೆ ಎಷ್ಟು ಸೇರಿದೆಯೆಂದು ಬಿಚ್ಚುವ ತನಕ ಗೊತ್ತಿಲ್ಲ. ಹಾಗೆಂದು ಚೀಲ ಖಾಲಿಯಲ್ಲ. ಬಿಚ್ಚದೆಯೂ ಇನ್ನೊಂದು ಚೀಲದ ಪಕ್ಕ ಇಡಬಹುದು, ಎರಡೂ ಕಡೆಯಿಂದ ಐದೈದು ಸೇರು ತೆಗೆಯಬಹುದು. ಮೂರು ಎಕ್ಸ್‌ಗೆ ಐದು ಕೂಡಿದರೆ ಇಪ್ಪತ್ತಾರು ಎಂಬ ಲೆಕ್ಕವನ್ನು ಅವಳು ಹಾಗೆ ಬಿಡಿಸಿ ಏಳು ತಂದ ದಿನ, ಬೆನ್ನು ಗೋಡೆಗೆ ಆನಿಸಿ ಕೂತುಬಿಟ್ಟಳು. “ಅವತ್ತೇ ಇಷ್ಟು ಹೇಳಿದ್ರೆ ಆಗ್ತಿತ್ತಲ್ಲೇ ಆ ಮೇಷ್ಟ್ರು” ಎಂದಳು. ಸಿಟ್ಟೇನೂ ಇರಲಿಲ್ಲ ಮಾತಿನಲ್ಲಿ.

ಅವಳು ಲೆಕ್ಕ ಮಾಡುತ್ತಿದ್ದದ್ದೆಲ್ಲ ಬಾಯಿಬಿಟ್ಟು. ಪೆನ್ನು ಕಾಗದದ ಮೇಲೆ ಇರುವಾಗಲೂ ‘ಲಾಭ… ಎರಡೇ ಎರಡು… ಮೂರೇ ಮೂರು’ ನಡೆದೇ ಇರುತ್ತಿತ್ತು. ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದ ಆಶಾರಾಣಿಗೆ ಆ ದನಿಯಿಂದಲೇ ಲೆಕ್ಕ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಅದೊಂದು ತೊಡಕಾಗಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಸಲದ ಪರೀಕ್ಷೆಯ ದಿನ ಯಲ್ಲಕ್ಕ ಇಳಕಲ್ ಸೀರೆ ಉಟ್ಟು ಬಂದಳು. ಕ್ಯಾಮೆರಾ ಇರುತ್ತದಲ್ಲ ಎಂದು. ಆಶಾರಾಣಿ ಎಲ್ಲ ತೆರೆದುಕೊಟ್ಟು ಬಾಗಿಲು ಮುಂದೆ ಮಾಡಿ ವರಾಂಡದಲ್ಲಿ ಕೂತಳು. ಒಳಗಿನಿಂದ ಮೆಲ್ಲಗೆ ‘ಲಾಭ’ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ‘ಟಿಣ್’ ಎಂದಿತು. ಮತ್ತೊಮ್ಮೆ ಎಂದಿತು. ಆಮೇಲೆ ಯಲ್ಲಕ್ಕ ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಬಾಗಿಲು ತೆರೆದು ಯಲ್ಲಕ್ಕ ಹೊರಗೆ ಬಂದಳು.

“ಮುಚ್ಕಂತು.”

“ಏನು ಮುಚ್ಕಂತು?”

“ಪರೀಕ್ಷೆ. ರೂಮಿನಾಗೆ ಇನ್ಯಾರೋ ಉತ್ತರ ಹೇಳಿಕೊಡ್ತಾ ಅವ್ರೆ ಅಂತ ಬಂತು. ನಾನು ಒಬ್ಬಳೇ ಅದೀನಪ್ಪ ಅಂತ ಹೇಳ್ದೆ. ಹೇಳಿದ್ದಕ್ಕೇ ಮುಚ್ಕಂತು.”

ಧ್ವನಿ ಕೇಳಿಸಿದರೆ ಎರಡು ಎಚ್ಚರಿಕೆ, ಮೂರನೆಯದಕ್ಕೆ ಪರೀಕ್ಷೆ ರದ್ದು. ಅದು ನಿಯಮ. ಬಸವಕಿರಣ್ ಸರ್‌ಗೆ ಫೋನು ಮಾಡಿದಾಗ ಅವರಿಗೆ ನಗುವೂ ಬಂತು, ಮರುಕವೂ ಆಯಿತು. “ನನಗೆ ಅರ್ಥ ಆಗುತ್ತಮ್ಮ, ಯಂತ್ರಕ್ಕೆ ಅರ್ಥ ಆಗಲ್ಲ. ನಿಯಮ ಬದಲಾಯಿಸೋದು ನನ್ನ ಕೈಲಿಲ್ಲ. ಇನ್ನೊಂದು ಸಲ ಇದೆಯಲ್ಲ, ಆವಾಗ ಮನಸ್ಸಲ್ಲೇ ಎಣಿಸಿ.”

ಮನಸ್ಸಿನಲ್ಲೇ ಎಣಿಸಲು ಅವಳಿಗೆ ಬರುತ್ತಿರಲಿಲ್ಲ. ದಡ್ಡತನವಲ್ಲ ಅದು. ಅವಳ ಪಾಲಿಗೆ ಎಣಿಕೆಯೆಂದರೆ ನಾಲಗೆಯ ಮೇಲೆ ಇರುವಂಥದ್ದು. ಬಾಯಿ ನಿಂತರೆ ಸಂಖ್ಯೆಯೂ ನಿಲ್ಲುತ್ತಿತ್ತು. ಆರು ಆದಮೇಲೆ ಏಳೋ ಎಂಟೋ ಎಂದು ಮಂಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಯಿ ಮುಚ್ಚಿ ಅಳೆಯುವವರು ಮೋಸಗಾರರು ಎಂದು ಕೇಳಿಯೇ ಬೆಳೆದವಳು. ಅವಳು ನಂಬಿಕೆಗೆಂದು ಮಾಡುತ್ತ ಬಂದದ್ದನ್ನೇ ಆ ಯಂತ್ರ ಮೋಸ ಎಂದಿತ್ತು. ಆ ದಿನ ಹರಿಹರದ ಬಸ್ಸು ಹತ್ತುವಾಗ “ಕಳ್ಳಿ ಅಂದಂಗಾತು ಕಣೆ” ಎಂದಳು. ಮುಖ ತಿರುಗಿಸಿಕೊಂಡು ಕಿಟಕಿಯ ಪಕ್ಕ ಕೂತಳು.

ಆದರೂ ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ಬಾಯಿ ತಾನಾಗಿ ಮುಚ್ಚದಿದ್ದರೆ ಮುಚ್ಚಿಸಬೇಕು ಎಂದು ಬಾಯಿ ತುಂಬ ನೀರು ತುಂಬಿಕೊಂಡು ಮಂಡಕ್ಕಿ ಅಳೆಯತೊಡಗಿದಳು. ಮೊದಲ ಗಿರಾಕಿ ಖತೀಜಾಬೀ. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಗಾಡಿ ಇಟ್ಟವಳು, ದಿನವೂ ಅಲ್ಲೇ ಕೊಳ್ಳುವವಳು.

“ಯಾಕವ್ವಾ, ಇವತ್ತು ಬಾಯಿಗೆ ಬೀಗ? ಗಂಡನ ಕೂಡ ಜಗಳಾನಾ?”

ಯಲ್ಲಕ್ಕ ತಲೆಯಲ್ಲಾಡಿಸಿ ಸೇರು ಸುರಿದಳು.

“ಇದು ಎಷ್ಟನೇದು? ಅಲ್ಲಾ, ಮುಂಜಾನೆ ಮುಂಜಾನೆ ಲಾಭ ಅನ್ನದೆ ಸುರೀತಿಯಲ್ಲ, ನನ್ನ ಬೋಣಿ ಏನಾಗ್ಬೇಕು? ಕೆನ್ನೆ ಯಾಕ ಹಂಗೆ ಊದೈತೆ? ಹಲ್ಲು ಕೀಳಿಸೀಯಾ?”

ಯಲ್ಲಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಯೊಳಗಿನ ನೀರಷ್ಟೂ ಮಂಡಕ್ಕಿ ರಾಶಿಯ ಮೇಲೆ ಬಿತ್ತು. ಖತೀಜಾಬೀ ಎರಡು ಹೆಜ್ಜೆ ಹಿಂದೆ ಸರಿದಳು. “ಯಾ ಅಲ್ಲಾ! ಹೆಂಗೂ ನೆನಸೀಯಲ್ಲ, ಇದನ್ನ ಒಗ್ಗರಣೆ ಹಾಕಿ ಸೂಸಲಾ ಮಾಡ್ಕಂಡು ನೀವೇ ತಿನ್ರಿ. ನನಗೆ ಬೇರೆ ಚೀಲ ಬಿಚ್ಚು.” ಓಣಿಯವರೆಲ್ಲ ಆ ವಾರ ಅದನ್ನೇ ಆಡಿಕೊಂಡರು. ನೀರಿನ ಉಪಾಯ ಅಲ್ಲಿಗೆ ಮುಗಿಯಿತು. ಸುಮ್ಮನೆ ತುಟಿ ಬಿಗಿಹಿಡಿದು ಅಳೆಯಲು ನೋಡಿದಳು. ಗಿರಾಕಿಗಳು ಮುನಿಸಿಕೊಂಡರು, ಒಬ್ಬಿಬ್ಬರು ಮುಂದಿನ ಅಂಗಡಿಗೆ ಹೋದರು. ಅವಳಿಗೂ ಎರಡು ಸಲ ಲೆಕ್ಕ ತಪ್ಪಿತು, ಎರಡೂ ಸಲ ಹೆಚ್ಚೇ ಹೋಯಿತು.

ಅದೇ ಹೊತ್ತಿಗೆ ಮಲೆಬೆನ್ನೂರಿನಿಂದ ಅಪ್ಪ ಬಂದ. ಗುಡ್ಡಪ್ಪನಿಗೆ ವಾರಕ್ಕೊಮ್ಮೆಯಾದರೂ ಬಸ್ಸು ಹತ್ತಿ ಮಗಳ ಅಂಗಡಿಯಲ್ಲಿ ಕೂತು ಹೋಗದಿದ್ದರೆ ಸರಿಬರುತ್ತಿರಲಿಲ್ಲ. ಬಂದವನು ಚೀಲದ ಮೇಲೆ ಕೂತು, ಮಗಳು ಸದ್ದಿಲ್ಲದೆ ಒಬ್ಬರಿಗೆ ಅಳೆದು ಕಳಿಸುವುದನ್ನು ನೋಡಿದ. ಗಿರಾಕಿ ಹೋಗುವ ತನಕ ತಡೆದುಕೊಂಡ.

“ಏನ್ ಇದು? ಯಾರು ಕಲಿಸಿದ್ರು ನಿನಗೆ ಈ ಮೂಗಿ ಅಳತೆ?”

ಯಲ್ಲಕ್ಕ ಪರೀಕ್ಷೆಯ ಕತೆ ಹೇಳಿದಳು.

“ಬಾಯಿಬಿಟ್ಟು ಎಣಿಸಿದ್ರೆ ಕಳ್ಳತನ ಅಂತದಾ ಅದು? ಬಾಯಿ ಮುಚ್ಕಂಡು ಎಣಿಸಾದು ಕಳ್ಳತನ! ಅದಕ್ಕೆ ಯಾರವ್ವ ಬುದ್ಧಿ ಹೇಳಿಕೊಟ್ಟೋರು?”

“ಅದು ಯಂತ್ರ ಅಪ್ಪಾ.”

“ಯಂತ್ರನೇ ನನ್ನ ಕೆಲಸ ತಿಂತು. ಈಗ ನಿನ್ನ ಬಾಯಿಗೂ ಬಂತಾ?” ಎಂದು ಗೊಣಗುತ್ತ ಕೂತ. ಓಬಯ್ಯ ಕಾಫಿ ತಂದುಕೊಟ್ಟ. ಕುಡಿದು ಲೋಟ ಕೆಳಗಿಟ್ಟ ಮೇಲೆ ಬೇರೆ ದನಿಯಲ್ಲಿ ಕೇಳಿದ: “ಈ ಪರೀಕ್ಷೆ ಆಗ್ಲಿಲ್ಲ ಅಂದ್ರೆ ಎಲ್ಲಾ ಹೋಗ್ತೈತಾ?”

“ಎಲ್ಲಾ ಹೋಗ್ತೈತೆ.”

“ಒಂದ್ ಸಲ ನನ್ನ ಗಂಟಲು ಕಟ್ಟಿತ್ತು. ಸುಗ್ಗಿ ಟೈಮು, ಅಂಗಳ ತುಂಬ ಭತ್ತ. ದನಿನೇ ಹೊರಡ್ತಿರ್ಲಿಲ್ಲ. ಸಾವ್ಕಾರ್ರು ಇವತ್ತು ಬ್ಯಾಡ ಹೋಗು ಅಂದ್ರು. ನಾನು ಹೋಗ್ಲಿಲ್ಲ. ಒಂದೊಂದು ಅಳತೆಗೂ ಒಂದೊಂದು ಕಾಳು ತೆಗೆದು ಗೋಣಿ ಮೇಲೆ ಎಲ್ಲಾರಿಗೂ ಕಾಣಂಗೆ ಇಟ್ಟೆ. ಮಾರೋನೂ ನೋಡ್ದ, ಕೊಳ್ಳೋನೂ ನೋಡ್ದ. ಯಾರೂ ತಕರಾರು ಮಾಡ್ಲಿಲ್ಲ.” ಎದ್ದು ಹೋಗಿ ಪಕ್ಕದ ಅಂಗಡಿಯಿಂದ ಒಂದು ಮುಷ್ಟಿ ಭತ್ತ ಕೇಳಿ ತಂದ. “ಕಿವಿಗೆ ಬ್ಯಾಡ ಅಂದ್ರೆ ಕಣ್ಣಿಗೆ ತೋರ್ಸು. ಮಂಡಕ್ಕಿ ಬ್ಯಾಡ, ಗಾಳಿಗೆ ಹಾರ್ತದೆ.”

ಅವತ್ತಿನಿಂದ ಯಲ್ಲಕ್ಕ ಕಾಳಿಟ್ಟು ಅಳೆದಳು. ಮರದ ಹಲಗೆಯ ಮೇಲೆ ಮೊದಲ ಕಾಳನ್ನು ಸ್ವಲ್ಪ ಮುಂದಕ್ಕೆ ಇಡುತ್ತಿದ್ದಳು. ಅದು ಲಾಭ. ಖತೀಜಾಬೀ ಎರಡು ದಿನ ಅನುಮಾನದಿಂದ ನೋಡಿ, ಮೂರನೆಯ ದಿನ ತಾನೇ ಕಾಳುಗಳನ್ನು ತೋರುತ್ತ ಗಟ್ಟಿಯಾಗಿ ಎಣಿಸಿದಳು. “ನಿನ್ನ ಬಾಯಿ ಕೆಟ್ರೆ ನನ್ನ ಬಾಯಿ ಇಲ್ವಾ?” ಎಂದಳು. ಎಸ್.ಎಸ್. ಬಡಾವಣೆಯ ಕೋಣೆಯಲ್ಲೂ ಅದೇ ಅಭ್ಯಾಸ. ಕೈ ಕಾಳು ಇಡಲು ಕಲಿತಂತೆ ತುಟಿಯ ಅಲುಗಾಟ ನಿಧಾನವಾಗಿ ನಿಂತಿತು. ಅಡುಗೆಮನೆಯಲ್ಲಿದ್ದ ಆಶಾರಾಣಿಗೆ ಆ ಮೌನ ಒಗ್ಗಲಿಲ್ಲ. ಒಂದೆರಡು ಸಲ ಬಂದು ಇಣುಕಿ ನೋಡಿದಳು.

“ಬದುಕಿದೀನಿ, ಹೋಗು. ಕಾಫಿ ಉಕ್ತೈತೆ” ಎಂದಳು ಯಲ್ಲಕ್ಕ.

ಇನ್ನೂ ಒಂದು ಅಡ್ಡಿ ಇತ್ತು. ಮೇಜಿನ ಮೇಲೆ ಕಾಗದ, ಪೆನ್ನು ಬಿಟ್ಟು ಬೇರೇನೂ ಇರಬಾರದೆಂದು ಪರೀಕ್ಷೆಯ ನಿಯಮ. ಬಸವಕಿರಣ್ ಸರ್‌ಗೆ ಮತ್ತೆ ಫೋನು ಹೋಯಿತು. ಅವರು ಪರೀಕ್ಷಾ ವಿಭಾಗದವರನ್ನು ಕೇಳಿ ಹೇಳುತ್ತೇನೆಂದರು. ಅಲ್ಲಿಯವರು ಭತ್ತ ಏಕೆ ಎಂದು ಕೇಳಿದರಂತೆ. ಎಣಿಸಲು ಎಂದರಂತೆ ಸರ್. ಸಣ್ಣ ಮಕ್ಕಳ ಮಣಿಚೌಕಟ್ಟಿನ ಹಾಗೆಯೇ ಎಂದು ಕೇಳಿದರಂತೆ. ಹೌದು ಎಂದರಂತೆ. ಮೊದಲು ಕ್ಯಾಮೆರಾದ ಎದುರು ಎರಡೂ ಅಂಗೈ ತೋರಿಸಿ, ಮೇಜು ತೋರಿಸಿ, ಆಮೇಲೆ ಬರೆಯಲಿ ಎಂದು ಒಪ್ಪಿಗೆ ಬಂತು.

ಎರಡನೆಯ ಸಲ ಅವಳು ಅಂಗಡಿಗೆ ಉಡುವ ಸೀರೆಯಲ್ಲೇ ಬಂದಳು. ಸ್ಟೀಲಿನ ಬಟ್ಟಲಲ್ಲಿ ಭತ್ತ. ಕ್ಯಾಮೆರಾಕ್ಕೆ ಅಂಗೈ ತೋರಿಸಿದಳು, ಬಟ್ಟಲು ತೋರಿಸಿದಳು, ಕೈ ಮುಗಿದಳು. ಬಾಗಿಲು ಮುಂದಾಯಿತು. ವರಾಂಡದಲ್ಲಿ ಕೂತ ಆಶಾರಾಣಿ ‘ಟಿಣ್’ ಸದ್ದಿಗೆ ಕಿವಿಗೊಟ್ಟಿದ್ದಳು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಬಂದಾಗ ಓಡಿಹೋಗಿ ಗೇಟಿನಲ್ಲೇ ಅವನ ಬಾಯಿ ಮುಚ್ಚಿಸಿ, ಬೇಡದ ನಾಲ್ಕು ಕಟ್ಟು ಮೆಂತ್ಯ ಕೊಂಡಳು. ಒಳಗೆ ಸದ್ದೇ ಇಲ್ಲ.

ಬಾಗಿಲು ತೆರೆದಾಗ ಯಲ್ಲಕ್ಕನ ತುಟಿ ಇನ್ನೂ ಬಿಗಿದೇ ಇತ್ತು. ಏನಾಯಿತೆಂದು ಕೇಳಿದರೆ ಮಾತಾಡಲಿಲ್ಲ. ಕೈಸನ್ನೆ ಮಾಡಿ ಒಳಗೆ ಕರೆದಳು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಉತ್ತೀರ್ಣ’ ಎಂದಿತ್ತು.

“ಮಾತಾಡೇ, ಮುಗೀತಲ್ಲ!”

“ಮೈಕು ಆಫ್ ಆಗೈತಾ ನೋಡು ಮೊದ್ಲು” ಎಂದು ಪಿಸುಗುಟ್ಟಿದಳು.

ಆಫ್ ಆಗಿದೆ ಎಂದ ಮೇಲೆ ಅವಳು ಹಾಕಿದ ಕೂಗು ಮೂರು ಮನೆಯಾಚೆಗೂ ಕೇಳಿರಬೇಕು. ಆ ರಾತ್ರಿ ಆಶಾರಾಣಿಯ ಮನೆಯಲ್ಲಿ ಮೆಂತ್ಯದ ಪಲ್ಯ, ಮೆಂತ್ಯದ ರೊಟ್ಟಿ. ಓಬಯ್ಯನಿಗೂ ಒಂದು ಡಬ್ಬಿ ಹೋಯಿತು.

ಕೋರ್ಸು ಆರಂಭವಾದದ್ದು ಆಗಸ್ಟ್ ಕೊನೆಗೆ. ಮೊದಲ ಆನ್‌ಲೈನ್ ಪಾಠಕ್ಕೆ ಯಲ್ಲಕ್ಕ ಅಂಗಡಿಯಲ್ಲೇ, ಚೀಲಗಳ ಹಿಂದೆ ಮೊಬೈಲ್ ಆನಿಸಿಟ್ಟು ಕೂತಿದ್ದಳು. ಗುಡ್ಡಪ್ಪನೂ ಬಂದಿದ್ದ, ಅವನಿಗೆ ಆ ಮೇಷ್ಟ್ರನ್ನು ನೋಡಬೇಕಿತ್ತು. ಎಲ್ಲರೂ ಮೈಕ್ ಆಫ್ ಮಾಡಿ ಎಂದು ಬಸವಕಿರಣ್ ಸರ್ ಪಾಠ ಶುರು ಮಾಡಿದರು. ಹಲಗೆಯ ಮೇಲೆ ಒಂದು ಉದ್ದದ ಸಾಲು ಬರೆದರು: ನಾಲ್ಕು ಎಕ್ಸ್ ವರ್ಗ, ಮೈನಸ್ ಮೂರು ಎಕ್ಸ್, ಪ್ಲಸ್ ಎರಡು ವೈ, ಮೈನಸ್ ಏಳು. ಪ್ಲಸ್ ಮೈನಸ್‌ಗಳಿಂದ ಬೇರೆಯಾಗಿ ನಿಂತ ಒಂದೊಂದು ತುಂಡನ್ನೂ ಬೀಜಗಣಿತದಲ್ಲಿ ಪದ ಅನ್ನುತ್ತೇವೆ ಎಂದು ವಿವರಿಸಿ ಕೇಳಿದರು:

“ಇದರಲ್ಲಿ ಎಷ್ಟು ಪದ ಇವೆ? ಯಾರಾದರೂ ಮೈಕ್ ಆನ್ ಮಾಡಿ ಹೇಳಿ.”

ಯಾರೂ ಆನ್ ಮಾಡಲಿಲ್ಲ. ಯಲ್ಲಕ್ಕನ ಬೆರಳು ಮೊಬೈಲಿನ ಮೇಲೆ ಹೋಗಿ, ಹಿಂದೆ ಬಂತು. ಅವಳು ಅಪ್ಪನ ಮುಖ ನೋಡಿದಳು.

“ಬಾಯಿಬಿಟ್ಟು ಹೇಳ್ಬೋದಂತಾ?” ಎಂದ ಗುಡ್ಡಪ್ಪ.

“ಹೇಳ್ಬೋದಂತೆ” ಎಂದು ಮೈಕ್ ಒತ್ತಿದಳು.

“ಮತ್ತೆ ಹೇಳು.”

ಅವಳು ಬೆರಳನ್ನು ಪರದೆಯ ಮೇಲೆ ಒಂದೊಂದಾಗಿ ಇಡುತ್ತ, ಅಂಗಡಿಯ ದನಿಯಲ್ಲೇ ಎಣಿಸಿದಳು. ಯಾರೋ ನಕ್ಕರು. ಬಸವಕಿರಣ್ ಸರ್ ಅವರನ್ನು ತಡೆದು, ಅಮ್ಮ ಒಂದಕ್ಕೆ ಲಾಭ ಅಂದರು, ಹಳಬರು ಹಾಗೇ ಎಣಿಸುವುದು, ನಮ್ಮ ಅಜ್ಜಿಯೂ ಹಾಗೇ ಎಣಿಸುತ್ತಿದ್ದರು ಎಂದರು. ನಕ್ಕದ್ದನ್ನು ಯಲ್ಲಕ್ಕ ಗಮನಿಸಿರಲೇ ಇಲ್ಲ. ಉತ್ತರ ಸರಿಯೋ ಎಂದು ಮತ್ತೊಮ್ಮೆ ಕೇಳಿದಳು. ಸರಿ ಎಂದರು.

ಪರೀಕ್ಷೆಯ ತಿಂಗಳು ಬರುವ ಮುಂಚೆಯೇ ಅವಳು ಹೋದಳು. ಡಿಗ್ರಿ ಆಗಲಿಲ್ಲ. ಆದರೆ ಎಕ್ಸ್ ಅಂದರೆ ಏನು ಎಂಬುದು ಅವಳಿಗೆ ಗೊತ್ತಾಗಿತ್ತು. ಕೇಳಿದವರಿಗೆ ಚೀಲದ ಲೆಕ್ಕದಲ್ಲಿ ಹೇಳಿಯೂ ಕೊಡುತ್ತಿದ್ದಳು.

ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಕಾಲೇಜಿನ ವೆಬ್‌ಸೈಟಿನಲ್ಲಿ ಇಡುತ್ತಾರೆ. ಮೊದಲ ಪಾಠ ಈಗಲೂ ಅಲ್ಲಿದೆ. ಯಲ್ಲಕ್ಕನ ಪಾಸ್‌ವರ್ಡ್ ಆಶಾರಾಣಿಗೆ ಗೊತ್ತು. ತಿಂಗಳು ಕಳೆದು ಗುಡ್ಡಪ್ಪ ಎಸ್.ಎಸ್. ಬಡಾವಣೆಯ ಮನೆ ಹುಡುಕಿಕೊಂಡು ಬಂದ ದಿನ ಅವಳು ಆ ಪಾಠ ತೆರೆದಳು. ಮುದುಕ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತ. ಮೇಷ್ಟ್ರು ಪ್ರಶ್ನೆ ಕೇಳಿದರು. ಹಿಂದಿನಿಂದ ಅವನದೇ ದನಿ, ‘ಮತ್ತೆ ಹೇಳು’ ಎಂದದ್ದು, ಸಣ್ಣಗೆ ಕೇಳಿಸಿತು. ಆಮೇಲೆ ಅವಳದು.

“ಲಾಭ… ಎರಡು… ಮೂರು… ನಾಕು. ನಾಕು ಅದಾವೆ ಸಾರ್.”

“ಗಟ್ಟಿ ಐತೆ ದನಿ” ಎಂದ ಗುಡ್ಡಪ್ಪ. “ಇನ್ನೊಂದ್ ಸಲ ಹಾಕವ್ವ.”